ಎರಡು ದಡದ ಎಪಿಫಾನಿಯಾ

ಎಪಿಫಾನಿಯಾ ಹುಟ್ಟಿದ್ದು, ಸಂಸಾರ ಹೂಡಿದ್ದು ಹೊಳೆಯ ಪಡುದಂಡೆಯ ಲಾವುದ್ ಎಂಬ ಬರಂಗಾಯ್‌ನಲ್ಲಿ, ಅಂದರೆ ಹಳ್ಳಿಯಲ್ಲಿ. ಒಂದು ವರ್ಷದ ನೆರೆಯಲ್ಲಿ ಹೊಳೆ ದಾರಿ ಬದಲಿಸಿ ಅವಳ ಹಿತ್ತಲಿನಾಚೆ ಹರಿಯತೊಡಗಿತು. ಮನೆ ಕದಲದೆಯೇ ಮೂಡುದಂಡೆಯ ದಾಯಾ ಬರಂಗಾಯ್‌ಗೆ ಅಂಟಿಕೊಂಡಿತು. ಓಟು ಮಾತ್ರ ಲಾವುದ್‌ನಲ್ಲೇ ಉಳಿಯಿತು. ಗಡಿ ಎಲ್ಲಿ ಎಂಬುದನ್ನು ಪುರಸಭೆ ಇಂದಿಗೂ ತೀರ್ಮಾನಿಸಿಲ್ಲ. ಆತುರ ಯಾರಿಗಿತ್ತು? ತಲೆ ಹೆಚ್ಚಿದಷ್ಟೂ ಸರ್ಕಾರದ ಅನುದಾನ ಹೆಚ್ಚು. ಜನಗಣತಿ ಬಂತೆಂದರೆ ಎರಡೂ ಬರಂಗಾಯ್‌ಗಳ ಮುಖ್ಯಸ್ಥರಾದ ಕ್ಯಾಪ್ಟನ್‌ಗಳು ಅವಳ ಬಾಗಿಲಿಗೆ ಬಂದು, "ಇವ್ಳು ನಮ್ಮೋಳು" ಎಂದು ಹಲ್ಲು ಕಿರಿಯುತ್ತಿದ್ದರು.

ಯಾರ ಮನಸ್ಸನ್ನೂ ನೋಯಿಸುವ ಹೆಂಗಸಲ್ಲ ಅವಳು. ಮಗನ ದೀಕ್ಷಾಸ್ನಾನಕ್ಕೆ ಲಾವುದ್‌ನ ಕ್ಯಾಪ್ಟನ್ ಎರ್ಮೊನನ್ನು ಧರ್ಮತಂದೆ ಮಾಡಿದಳು, ಮಗಳ ಸರದಿಗೆ ದಾಯಾದ ಪ್ಲಾಸಿದೊನನ್ನು. ಅಂದಿನಿಂದ ಇಬ್ಬರಿಗೂ ಅವಳು 'ಕುಮಾರೆ', ಧರ್ಮಮಕ್ಕಳ ತಾಯಿ. ಎರಡು ದಡದಲ್ಲೂ ನೆಂಟಸ್ತಿಕೆ, ಇನ್ನೇನು ಭಯ ಎಂದುಕೊಂಡಿದ್ದಳು ಪಾಪ.

ಆಮೇಲೆ ಬಂದ ಚಂಡಮಾರುತ ಮನೆಯ ಸೂರನ್ನೇ ಹಾರಿಸಿಕೊಂಡು ಹೋಯಿತು. ಒಳಗೆ ಗಂಡ ಸೆಲೊ ನ್ಯುಮೋನಿಯಾದಿಂದ ಮಲಗಿದ್ದ. ಅವನ ಹಾಸಿಗೆಯ ಮೇಲೆ ಮಳೆ ಬೀಳದಷ್ಟು ತಗಡು ಸಿಕ್ಕಿದ್ದರೆ ಸಾಕಿತ್ತು.

ದಾಯಾದ ಕಚೇರಿಯಲ್ಲಿ ಸರ್ಕಾರದ ಪರಿಹಾರದ ತಗಡು ಹಂಚುತ್ತಿದ್ದ ಪ್ಲಾಸಿದೊ ಅವಳ ಎರಡೂ ಕೈ ಹಿಡಿದುಕೊಂಡ. "ಅಯ್ಯೋ ಕುಮಾರೆ, ನಾನ್ ಕೊಟ್ಬಿಟ್ರೆ ಎರ್ಮೊಗೆ ಅವಮಾನ ಆಗಲ್ವಾ? ನಿಮ್ ಓಟಿರೋದು ಅಲ್ಲಿ. ಅವ್ನೇ ನೋಡ್ಕೋತಾನೆ ಬಿಡಿ."

ಅಂಬಿಗ ಇಸಿಂಗನ ದೋಣಿ ಹತ್ತಿ ಲಾವುದ್‌ಗೆ ಹೋದಳು. ಎರ್ಮೊ ಬಿಸಿ ಗಂಜಿ ಕೊಟ್ಟ, ತಗಡು ಕೊಡಲಿಲ್ಲ. "ನಿಮ್ ಮನೆ ಆ ದಡದಲ್ಲಿದೆಯಲ್ಲ ಕುಮಾರೆ. ನಾನ್ ಕೈ ಹಾಕಿದ್ರೆ ಪ್ಲಾಸಿದೊ ಮುನಿಸ್ಕೋತಾನೆ. ಅವ್ನು ನಿಮ್ಮನ್ನ ಕೈಬಿಡ್ತಾನಾ?"

"ಇಬ್ರೂ ಎಂಥಾ ಮರ್ಯಾದಸ್ಥರು ನೋಡಕ್ಕಾ," ಎಂದು ಇಸಿಂಗ್ ಹುಟ್ಟು ಹಾಕುತ್ತಲೇ ನೀರಿಗೆ ಉಗಿದ. ಮಾರನೆಯ ದಿನ ತನ್ನ ಹಂದಿಗೂಡಿನ ತಗಡನ್ನೇ ಕಿತ್ತು ತಂದ. ಅಷ್ಟರಲ್ಲಿ ರಾತ್ರಿಯೆಲ್ಲ ನೆನೆದ ಸೆಲೊ ತಣ್ಣಗಾಗಿದ್ದ. ಆ ತಗಡನ್ನು ಶವಪೆಟ್ಟಿಗೆಯ ಮುಂದೆ, ಹೆಣ ಕಾಯುವ ಜಾಗರಣೆಗೆ ಬರುವವರಿಗಾಗಿ ಹೊದಿಸಿದರು.

ಮಳೆ ಇನ್ನೂ ಬಿಟ್ಟಿರಲಿಲ್ಲ. ಕ್ಯಾಪ್ಟನ್‌ಗಳಿಬ್ಬರೂ ಹೂವಿನ ಚಕ್ರ ಹೊರಿಸಿಕೊಂಡು ಬಂದರು. ತಗಡಿನ ಕೆಳಗೆ ಕೂತು ಬಿಸ್ಕತ್ತು ತಿಂದು ಕಾಫಿ ಹೀರಿದರು.

"ಇನ್ನೊಂದ್ಸಲ ಕೇಳ್ಬೇಕಿತ್ತು ಕುಮಾರೆ," ಎಂದ ಎರ್ಮೊ. "ಪ್ಲಾಸಿದೊ ಕೊಟ್ಟಿರ್ತಾನೆ ಅಂದ್ಕೊಂಡೆ ನಾನು."

"ನಾನೂ ಹಂಗೇ," ಎಂದ ಪ್ಲಾಸಿದೊ.

ಸಾವಿನ ಮನೆಗೆ ಬಂದವರನ್ನು ಎಬ್ಬಿಸಿ ಕಳಿಸುವುದು ನಮ್ಮಲ್ಲಿಲ್ಲ. ಎಪಿಫಾನಿಯಾ ಇಬ್ಬರ ಕೈಯಿಂದಲೂ ಲೋಟ ಕಿತ್ತುಕೊಂಡಳು.

"ಏಳ್ರೋ. ಇದು ಹಂದಿಗೂಡಿನ ತಗಡು. ಇದ್ರ ಕೆಳಗೆ ಕೂರೋ ಯೋಗ್ಯತೆನೂ ನಿಮಗಿಲ್ಲ. ನನ್ ಸೆಲೊ ನೆಂದ ಹಾಗೆ ನೀವೂ ನೆನೀರಿ."

ಇಬ್ಬರೂ ಮಳೆಗಿಳಿದು, ಒಬ್ಬರ ಮುಖ ಒಬ್ಬರು ನೋಡುತ್ತ ಅಂಗಳದಲ್ಲಿ ನಿಂತರು. ಯಾರೂ ಒಳಗೆ ಕರೆಯಲಿಲ್ಲ.