ಏರದ, ಇಳಿಯದ ನೇಪಾಳದ ದರ

ಇದನ್ನು ನೀವು ನಂಬುವುದಿಲ್ಲ. ನಂಬಿದರೂ ನಮ್ಮ ಬನಹಟ್ಟಿಯ ಓಣಿಗೆ ಬಂದು ಹಾಗೆ ಹೇಳಬೇಡಿ. ಸಲೀಸಾಗಿ ನಂಬುವವರನ್ನು ಅಲ್ಲಿ ಯಾರೂ ನಂಬುವುದಿಲ್ಲ. ಒಂದು ಮುಂಜಾನೆ ನಾವು ನೇಪಾಳ ದೇಶದ ರೂಪಾಯಿಯನ್ನು ನಮ್ಮ ಪಡಸಾಲೆಯಲ್ಲಿ ವಿಚಾರಣೆಗೆ ನಿಲ್ಲಿಸಿದ್ದೆವು. ವಕೀಲ ನಾನೇ. ಲೆಕ್ಕದಲ್ಲಿ ನನ್ನಷ್ಟು ಜಾಣ ಹುಡುಗ ಮುಧೋಳದಿಂದ ಬೀಳಗಿಯ ತನಕ ಇಲ್ಲ. ನಮ್ಮ ಮಾಸ್ತರರು ಇದನ್ನು ಇನ್ನೂ ಒಪ್ಪಿಲ್ಲ, ಅಷ್ಟೇ.

ಆದದ್ದಿಷ್ಟು. ಮುಧೋಳದ ಸೋದರಮಾವ, ಅಂದರೆ ಅವ್ವನ ಅಣ್ಣ, ಸುತ್ತಲಿನ ಹಿರಿಯ ಹೆಂಗಸರನ್ನು ಬಸ್ಸಿನಲ್ಲಿ ಪಶುಪತಿನಾಥನ ದರ್ಶನಕ್ಕೆ ಕಠ್ಮಂಡುವಿಗೆ ಕರೆದೊಯ್ದಿದ್ದ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಅವನ ಜೊತೆಗೇ ಹೋಗಿ ಬಂದಿದ್ದಳು. ಯಾತ್ರೆ ಮಾಡಿಸಿದವನನ್ನು ಕರೆದು ಹೋಳಿಗೆ ಊಟ ಹಾಕುವುದು, ಮೊದಲ ಹೋಳಿಗೆಯನ್ನು ಯಾತ್ರೆಗೆ ಹೋದವಳೇ ಬಡಿಸುವುದು ನಮ್ಮ ಮನೆಯ ಪದ್ಧತಿ. ಮಾವ ಮಧ್ಯಾಹ್ನ ಬರುವವನಿದ್ದ. ಅವ್ವ ಒಳಗೆ ನಸುಕಿನಿಂದ ಹೂರಣದ ಜೊತೆ ಗುದ್ದಾಡುತ್ತಿದ್ದಳು. ಪಡಸಾಲೆಯಲ್ಲಿ ಆಯಿ ದನಿ ತಗ್ಗಿಸಿ ಹೇಳಿದಳು:

"ಅಂವಗ ನಾ ಬಡಸೂದಿಲ್ಲ."

ಎದುರುಮನೆಯ ಕಾಕು ಸುದ್ದಿಯ ವಾಸನೆಗೆ ಆಗಲೇ ಬಂದು ಕೂತಿದ್ದಳು. "ಯಾಕರಿ ಅಕ್ಕಾರ? ಏನ್ ಮಾಡಿದಾ?"

"ಹೋಗಾಗ ನಮ್ಮ ನೂರು ರೂಪಾಯಿಗೆ ಅವರದು ನೂರಾ ಅರವತ್ತು ಕೊಟ್ಟಾ. ಬರಾಗ ಅವರದು ನೂರಾ ಅರವತ್ತು ಇಸಕೊಂಡು ನಮ್ಮದು ನೂರು ಕೊಟ್ಟಾ."

"ಅಷ್ಟಕ್ಕಷ್ಟ ಆತಲ್ಲ?"

"ಅದಕ ಸಂಶೇ! ಕೊಡೂ ದರಾ, ತೊಗೊಳ್ಳೂ ದರಾ ಎರಡೂ ಒಂದ ಅಂದ್ರ ಅಂವ ಏನ್ ಗಳಿಸಿದಾ? ಗಳಿಕಿ ಕಾಣಲಿಲ್ಲ ಅಂದ್ರ ಎಲ್ಲೋ ಮುಚ್ಚಿಟ್ಟಾನ ಅಂತನ ಅರ್ಥ."

ಕಾಕು ಬೆಚ್ಚಿಬಿದ್ದಳು. ನಮ್ಮ ನೇಕಾರರ ಓಣಿಯಲ್ಲಿ ಮಾತು ಕಲಿಯುವ ಮೊದಲೇ ಕೂಸುಗಳಿಗೆ ದರ ಗೊತ್ತಿರುತ್ತದೆ. ಮಗ್ಗದ ನೂಲಿಗೆ ಮುಂಜಾನೆಯ ಚಹಾದ ಹೊತ್ತಿಗೆ ಒಂದು ದರ, ಸಂಜೆಯ ಚಹಾದ ಹೊತ್ತಿಗೆ ಇನ್ನೊಂದು. ಅಂಗಡಿಯವನ ಬಳಿ ತಂದ ನೂಲನ್ನು ಅವನಿಗೇ ಮರಳಿಸಲು ಹೋದರೆ ಅದು ದಾರಿಯಲ್ಲೇ ಮುಪ್ಪಾದಂತೆ ಮೂಗು ಮುರಿಯುತ್ತಾನೆ. ಅಂಥದ್ದರಲ್ಲಿ ಹೋಗುವಾಗ, ಬರುವಾಗ ಒಂದೇ ದರ! ಖರೆ ಹೇಳುತ್ತೇನೆ, ನನಗೂ ನೆನಪಿನಲ್ಲಿ ಮಾವನ ಮೀಸೆ ಬೇರೆಯಾಗಿಯೇ ಕಾಣತೊಡಗಿತು.

"ತಡಿ ಆಯೀ, ನಾ ಹಿಡೀತೀನಿ," ಎಂದು ಮೊಬೈಲ್ ತೆಗೆದೆ. ಎರಡೂ ದೇಶಗಳ ರೂಪಾಯಿಯ ಹಳೆಯ ದರಗಳನ್ನು ಗೆರೆ ಎಳೆದು ತೋರಿಸುವ ಒಂದು ಪುಟ ಸಿಕ್ಕಿತು. ಒಂದು ವಾರದ್ದು ನೋಡಿದೆ, ಗೆರೆ ನೆಟ್ಟಗೆ. ಒಂದು ವರ್ಷದ್ದು, ನೆಟ್ಟಗೆ. ಹತ್ತು ವರ್ಷದ್ದು ತೆಗೆದರೂ ಅದು ತಾಲೀಮಿನ ಪೈಲ್ವಾನನ ಹಾಗೆ ಎದೆಯುಬ್ಬಿಸಿ ನೆಟ್ಟಗೇ ಮಲಗಿತ್ತು. ಡಾಲರಿನ ಗೆರೆ ನೋಡಿದರೆ ಯಡಹಳ್ಳಿ ಗುಡ್ಡ ಹತ್ತಿದಂತೆ ಏರಿಳಿದು ಏದುಸಿರು ಬಿಡುತ್ತಿತ್ತು. ಇದಕ್ಕೆ ಉಸಿರೇ ಇಲ್ಲ.

ಕಾಕು ಬಗ್ಗಿ ನೋಡಿದಳು. "ದವಾಖಾನಿಯಾಗ ಗೆರಿ ಹಿಂಗ ಆತಂದ್ರ ಮನಷ್ಯಾ ಹೋದ ಅಂತಾರ."

"ಮಗ್ಗಾ ನಿಂತಾಗಿನ ಹಂಗ ಐತಿ," ಎಂದಳು ಆಯಿ. "ಮಗ್ಗಾ ತಾನ ನಿಲ್ಲೂದಿಲ್ಲ. ಯಾರೋ ಬಟನ್ ಬಂದ್ ಮಾಡ್ಯಾರ."

ಗೆರೆಯ ಕೆಳಗೆ ಸಣ್ಣ ಅಕ್ಷರಗಳಿದ್ದವು. ನೇಪಾಳದವರು ತಮ್ಮ ರೂಪಾಯಿಯನ್ನು ನಮ್ಮ ರೂಪಾಯಿಗೆ ಒಂದೇ ದರದಲ್ಲಿ ಕಟ್ಟಿಹಾಕಿದ್ದಾರೆ ಎಂದು ಇಬ್ಬರಿಗೂ ಓದಿ ಹೇಳಿದೆ.

"ಸರಕಾರ ಕಟ್ಟಿಹಾಕೇತಂತ!" ಆಯಿ ನಕ್ಕಳು. "ಉಳ್ಳಾಗಡ್ಡಿ ದರಾ ಎಂಟು ದಿನಾ ಹಿಡಿದಿಡಾಕ ಆಗೂದಿಲ್ಲ ಯಾ ಸರಕಾರಕ್ಕೂ. ಇದು ನಿಮ್ಮ ಮಾವನ ಕೈಚಳಕ. ಮೊಬೈಲಿನಾಗ ಬರಸ್ಯಾನ."

"ಎಂದಿನಿಂದ ನೆಟ್ಟಗೈತಿ ನೋಡಲೇ," ಎಂದು ಕಾಕು ಅವಸರ ಮಾಡಿದಳು.

ನಾನು ಗೆರೆಯನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಎಳೆದೆ. ಬೆರಳು ಸವೆದು ಹೋಯಿತು ಅಂದರೂ ನಡೆದೀತು. ಬಹಳ ಹಿಂದೆ ಅದು ಮೆಟ್ಟಿಲಿನಂತೆ ಅಲ್ಲಿಷ್ಟು ಇಲ್ಲಿಷ್ಟು ಏರಿ ಇಳಿದದ್ದು ಕಂಡಿತು. ಆಮೇಲೆ ಒಂದು ದಿನ ನಿಂತದ್ದು ನಿಂತೇಬಿಟ್ಟಿತ್ತು. "ಆಯೀ, ಅವ್ವ-ಅಪ್ಪನ ಲಗ್ನಕ್ಕಿಂತ ಎಷ್ಟೋ ಮೊದಲಿನಿಂದ ಇದು ಅಲ್ಲಾಡೇ ಇಲ್ಲ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

"ನೋಡಿದ್ಯಾ? ಅಷ್ಟು ದಿನದಿಂದ ನಡದೈತಿ ಇವನ ಆಟ," ಎಂದು ಆಯಿ ತೊಡೆ ತಟ್ಟಿದಳು. "ಬರಲಿ. ತಾಟು ಹಾಕ್ತೀನಿ, ಖಾಲಿ ತಾಟು!"

ವಿಚಾರಣೆಯ ಭರದಲ್ಲಿ ಮಧ್ಯಾಹ್ನವಾದದ್ದು ನಮಗೆ ಗೊತ್ತೇ ಆಗಿರಲಿಲ್ಲ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಕೈಯಲ್ಲಿ ಲಟ್ಟಣಿಗೆ, ಕೆನ್ನೆಗೆ ಹಿಟ್ಟು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕಾಕುವಿಗೆ ಒಮ್ಮೆಲೇ ಮನೆಯ ಒಲೆಯ ಮೇಲಿನ ಹಾಲು ನೆನಪಾಯಿತು, ಎದ್ದು ನಡೆದಳು.

"ಅತ್ತಿ," ಅವ್ವನ ದನಿ ಏರಲಿಲ್ಲ, "ಆ ಗೆರಿ ನಿಂತಾಗ ನಮ್ಮಣ್ಣ ಚಡ್ಡಿ ಹಾಕ್ಕೊಂಡು ಸಾಲಿಗೆ ಹೋಗತಿದ್ದ. ಮುಧೋಳದಾಗ ಕುಂತು ನೇಪಾಳದ ದರಾ ಹಿಡದಿದ್ನೇನ್ರಿ ಅಂವ?"

ಆಯಿ ನನ್ನ ಕಡೆ ನೋಡಿದಳು. ವಕೀಲರು ಗೆರೆಯನ್ನು ಮತ್ತೆ ಮುಂದಕ್ಕೆ ಎಳೆಯತೊಡಗಿದರು.

ಅವ್ವ ನನ್ನ ಕೈಯಿಂದ ಮೊಬೈಲ್ ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಿಮ್ಮನ್ನ ಕೈ ಹಿಡದು ಪಶುಪತಿನಾಥನ ಅಷ್ಟು ಮೆಟ್ಟಲಾ ಹತ್ತಿಸ್ಯಾನ. ಈಗ ಬಂದು ಹೊರಗ ಕಾಲು ತೊಳ್ಕೊಳ್ಳಾಕತ್ತಾನ. ಬಡಸ್ತೀರೋ, ಇಲ್ಲಾ ಬಾಗಲದಿಂದನ ಕಳಸ್ಲೋ? ಅದಷ್ಟು ಹೇಳ್ರಿ."

ಹೊರಗೆ ನೀರು ಸುರಿಯುವ ಸಪ್ಪಳ ನಿಂತಿತು. ಆಯಿ ಮೊಣಕಾಲಿಗೆ ಕೈಯೂರಿ ಎದ್ದಳು, ಸೆರಗು ಸರಿಮಾಡಿಕೊಂಡಳು.

"ತುಪ್ಪದ ಗಿಂಡಿ ಎಲ್ಲಿಟ್ಟೀ?"