ನಲವತ್ತು ದಿನದ ಹಳದಿ ಚೀಟಿ

ಅವರ ಬಲಗೈ ತೋರುಬೆರಳಿಗೆ ತುದಿಯೇ ಇರಲಿಲ್ಲ. ಅಂಬತ್ತೂರಿನ ಕಾರ್ಖಾನೆಯಲ್ಲಿ ಪ್ರೆಸ್ ಮಷೀನು ಅದನ್ನು ಮೊದಲ ಗೆಣ್ಣಿನವರೆಗೆ ತಿಂದುಹಾಕಿತ್ತಂತೆ. ಉಳಿದ ಮೋಟು ಬೆರಳನ್ನು ಪಂಜರದೊಳಗೆ ಚಾಚಿದರೆ ಸಾಕು, ಹಕ್ಕಿಗಳು ನಾ ಮುಂದು ತಾ ಮುಂದು ಎಂದು ಬಂದು ಕೂರುತ್ತಿದ್ದವು. "ಉಗುರಿಲ್ಲ ನೋಡಮ್ಮಾ, ಅದಕ್ಕೇ ಭಯ ಇಲ್ಲ ಅದಕ್ಕೆಲ್ಲಾ," ಎಂದು ನಗುತ್ತಿದ್ದರು.

ಮದರಾಸಿನ ಪಲ್ಲಾವರಂನಲ್ಲಿ ಅವರದು ಕೆಳಮನೆ, ನಮ್ಮದು ಮೇಲ್ಮನೆ. ಅವರು ಮನೆಯ ಒಡೆಯರು, ನಾವು ಮೈಸೂರಿನಿಂದ ವರ್ಗವಾಗಿ ಬಂದ ಬಾಡಿಗೆಯವರು. ನಾನೂ ನನ್ನ ಮಗಳೂ ಅವರನ್ನು ಮಾಮಾ ಎಂದೇ ಕರೆಯುತ್ತಿದ್ದೆವು. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಬೆಳೆದ ಮಾಧ್ವರ ಮನೆತನ. ಅವರ ಕನ್ನಡದಲ್ಲಿ ತಮಿಳು ಎಲ್ಲಿ ಮುಗಿಯಿತು, ಕನ್ನಡ ಎಲ್ಲಿ ಶುರುವಾಯಿತು ಎಂದು ನನಗೆ ಮೊದಮೊದಲು ತಿಳಿಯುತ್ತಲೇ ಇರಲಿಲ್ಲ.

ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಹೊರಗಿನಿಂದ ಬಂದ ಮಾಲನ್ನು ಪರೀಕ್ಷಿಸುವುದು. ಹೊಸದಾಗಿ ಬಂದದ್ದಕ್ಕೆ ಹಳದಿ ಚೀಟಿ, ಪಾಸಾದರೆ ಹಸಿರು, ಫೇಲಾದರೆ ಕೆಂಪು. ಹಳದಿ ಚೀಟಿಯ ಮಾಲು ಸ್ಟೋರಿನ ಹೊಸ್ತಿಲು ದಾಟುವಂತಿಲ್ಲ. ನಿವೃತ್ತರಾದ ಮೇಲೆ ಈ ಕಾನೂನನ್ನು ಮನೆಗೂ ತಂದುಬಿಟ್ಟಿದ್ದರು. ಬದನೆಕಾಯಿ, ಗ್ಯಾಸ್ ಸಿಲಿಂಡರು, ಹೊಸ ಹಾಲಿನವನು, ಯಾರನ್ನೂ ಬಿಡುತ್ತಿರಲಿಲ್ಲ. ನಮಗೂ ಮೂರು ತಿಂಗಳು ಹಳದಿ ಚೀಟಿಯೇ ಇತ್ತಂತೆ. ನಾನು ಮಾವಿನಕಾಯಿ ಗೊಜ್ಜು ಕೊಟ್ಟ ದಿನ ಹಸಿರಾಯಿತು ಎಂದು ಅವರೇ ಹೇಳಿದರು.

ಮುಂದಿನ ಹಜಾರದ ಪಂಜರದಲ್ಲಿ ಐದು ಹಕ್ಕಿಗಳಿದ್ದವು. ಊರೆಲ್ಲ ಲವ್ ಬರ್ಡ್ಸ್ ಎನ್ನುವ ಪುಟ್ಟ ಹಕ್ಕಿಗಳು. "ಲವ್ವೂ ಇಲ್ಲ ಗಿವ್ವೂ ಇಲ್ಲ, ಇದು ಬಜ್ರಿಗರ್," ಎಂದು ಮಾಮಾ ಕಂಡವರನ್ನೆಲ್ಲ ತಿದ್ದುತ್ತಿದ್ದರು. ಆ ಐದರಲ್ಲಿ ವಯಸ್ಸಾದ ನೀಲಿ ಗಂಡು ಒಂದಿತ್ತು. ಅದನ್ನು ಸಾಕಿದವರು ಮಾಮಾನ ಹೆಂಡತಿ, ಮಾಮಿ. ನಾವು ಬರುವುದಕ್ಕೆ ಎರಡು ವರ್ಷ ಮೊದಲೇ ಅವರು ತೀರಿಕೊಂಡಿದ್ದರು. ನಾನು ಅವರ ಫೋಟೋ ನೋಡಿದ್ದೇನೆ, ದನಿಯನ್ನೂ ಕೇಳಿದ್ದೇನೆ. ಏಕೆಂದರೆ ಆ ಹಕ್ಕಿ ದಿನಕ್ಕೆ ಹತ್ತು ಸಲ, ಸಣ್ಣಗೆ, ಸ್ವಲ್ಪ ಮೂಗಿನಲ್ಲಿ, "ಏನ್ರೀ, ಕಾಪಿ" ಎನ್ನುತ್ತಿತ್ತು. ಅಂದಾಗಲೆಲ್ಲ ಮಾಮಾ, ಕೈಯಲ್ಲಿ ಏನೇ ಕೆಲಸವಿರಲಿ, "ಬಂದೆ" ಎನ್ನುತ್ತಿದ್ದರು.

ನನ್ನ ಮಗಳಿಗೆ ಆಗ ಎಂಟು ವರ್ಷ. ತನಗೂ ಒಂದು ಹಕ್ಕಿ ಬೇಕೆಂದು ಜೀವ ತಿಂದಳು. ಮಾಮಾ ಹೇಳಿದ್ದು ಇಷ್ಟೇ: "ತರೋದಾದರೆ ನನ್ನ ಕರ್ಕೊಂಡು ಹೋಗು. ನಾನು ನೋಡದೆ ತರಬೇಡ." ಆದರೆ ಊರಿಗೆಲ್ಲ ಒಂದು ದಾರಿಯಾದರೆ ನನಗೇ ಒಂದು ದಾರಿ. ಒಂದು ಶುಕ್ರವಾರ ಅವರು ಮಠಕ್ಕೆ ಹೋಗಿದ್ದರು. ನಾನು ಸಂತೆಗೆ ತರಕಾರಿಗೆಂದು ಹೋದವಳು, ಮಗಳ ಮುಖ ನೋಡಲಾರದೆ, ಒಂದೇ ಬುಟ್ಟಿಯಲ್ಲಿ ನಲವತ್ತು ಹಕ್ಕಿ ತುಂಬಿಕೊಂಡು ಕೂತಿದ್ದವನ ಹತ್ತಿರ ಒಂದು ಹಸಿರು ಹಕ್ಕಿಯನ್ನು ಕೊಂಡುಬಿಟ್ಟೆ. ಅದು ಗರಿ ಉಬ್ಬಿಸಿಕೊಂಡು ಗುಂಡಗೆ ಕೂತಿತ್ತು. ದಷ್ಟಪುಷ್ಟವಾಗಿದೆ ಎಂದುಕೊಂಡೆ. ಹುಷಾರಿಲ್ಲದ ಹಕ್ಕಿ ಚಳಿಗೆ ಹಾಗೆ ಗರಿ ಉಬ್ಬಿಸುತ್ತದೆ ಎಂದು ನನಗೆ ಗೊತ್ತಿದ್ದರೆ ತಾನೇ!

ಮುಂದೆ ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆ. ಶುಕ್ರವಾರ ಮಗಳಿಗೆ ಎಣ್ಣೆಸ್ನಾನದ ದಿನ. ಅವಳ ತಲೆ ಒಣಗಿಸಲು ಕೆಂಡಕ್ಕೆ ಸಾಂಬ್ರಾಣಿ ಹಾಕಿದೆ. ಹಕ್ಕಿಯ ಹಿಂಭಾಗಕ್ಕೆ ಹಿಕ್ಕೆ ಮೆತ್ತಿಕೊಂಡಿತ್ತು. ಸಂತೆಯ ಕೊಳೆ ಎಂದು ಬಿಸಿನೀರಿಗೆ ಅರಿಶಿನ ಹಾಕಿ ಅದನ್ನೂ ತೊಳೆದೆ. ತೊಳೆದ ಮೇಲೆ ಒಣಗಬೇಡವೇ? ಬಾಣಂತಿ ಮನೆಯಲ್ಲಿ ಕೂಸಿಗೆ ಹಿಡಿಯುವ ಹಾಗೆ, ಬುಟ್ಟಿ ಬೋರಲು ಹಾಕಿ ಅದರಡಿ ಹಕ್ಕಿಯನ್ನಿಟ್ಟು, ಪಕ್ಕದಲ್ಲೇ ಹೊಗೆ ಕೊಟ್ಟೆ. ನಮ್ಮಜ್ಜಿ ನೋಡಿದ್ದರೆ ಭೇಷ್ ಎನ್ನುತ್ತಿದ್ದರು.

ಐದು ನಿಮಿಷಕ್ಕೆ ಹಕ್ಕಿ ನೆಲಕ್ಕೆ ಕುಸಿಯಿತು. ಬಾಯಿ ತೆರೆದಿತ್ತು. ಉಸಿರಿಗೊಂದು ಸಲ ಬಾಲ ಮೇಲೆ ಕೆಳಗೆ ಕುಕ್ಕುತ್ತಿತ್ತು. ಮಗಳು ಅದನ್ನು ಟವೆಲಿನಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದು ಓಡಿದಳು. ಮಾಮಾ ಆಗಷ್ಟೇ ಮಠದಿಂದ ಬಂದು ಗೇಟು ತೆಗೆಯುತ್ತಿದ್ದರು.

"ಮಾಮಾ, ಇದು ಸೆತ್ತುಪ್ಪೋಯಿಡುಮಾ?" ಎಂದಳು ಮಗಳು. ಸತ್ತುಹೋಗುತ್ತಾ ಎಂದು. ಶಾಲೆಗೆ ಸೇರಿದ ಮೇಲೆ ಅವಳ ಬಾಯಿಗೆ ಮೊದಲು ಬರುವುದು ತಮಿಳೇ.

"ಗೊತ್ತಿಲ್ಲಮ್ಮಾ. ಪಾಕ್ಕಲಾಂ, ನೋಡೋಣ," ಎಂದರು. ಮಕ್ಕಳಿಗೂ ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ನನ್ನ ಕಡೆ ತಿರುಗಿದವರು ಮೂಗು ಅರಳಿಸಿದರು. "ಏನು ವಾಸನೆ ಇದು? ಸಾಂಬ್ರಾಣಿಯಾ? ಅಯ್ಯಯ್ಯೋ, ಹಕ್ಕಿ ಶ್ವಾಸಕೋಶ ಎಷ್ಟಿರತ್ತೆ ಅಂದ್ಕೊಂಡೆ? ಸಾಂಬ್ರಾಣಿ, ಊದುಬತ್ತಿ, ಸೊಳ್ಳೆ ಕಾಯಿಲ್, ಸೀದ ಬಾಣಲೆ, ಯಾವ ಹೊಗೆಯೂ ಆಗಲ್ಲ ಇದಕ್ಕೆ. ಓದಿದವಳು ಅಂತಿದ್ದೆ ನಿನ್ನ!"

ಬೈದರು, ಬೈಯುತ್ತಲೇ ಹಕ್ಕಿಯನ್ನು ಹಿತ್ತಲ ಕೋಣೆಗೆ ಒಯ್ದರು. ರಟ್ಟಿನ ಪೆಟ್ಟಿಗೆಯ ಒಂದು ಮೂಲೆಗೆ ನಲವತ್ತು ವ್ಯಾಟಿನ ಬಲ್ಬು ತೂಗುಹಾಕಿ, ಇನ್ನೊಂದು ಮೂಲೆ ತಂಪಾಗಿರಲು ಬಿಟ್ಟರು. ಮರುದಿನ ಬೆಳಿಗ್ಗೆಯೇ ಪಶುವೈದ್ಯರ ಬಳಿ ಹೋಗಿ ಬಂದರು. ಹೊಗೆಯ ಮಾತಿರಲಿ, ಸಂತೆಯ ಬುಟ್ಟಿಯಿಂದಲೇ ಅದು ಅಂಟುರೋಗ ಹೊತ್ತು ತಂದಿತ್ತು. ಬದುಕಿದರೆ ಪುಣ್ಯ, ಬೇರೆ ಹಕ್ಕಿಗಳ ಹತ್ತಿರ ಮಾತ್ರ ಬಿಡಬೇಡಿ ಎಂದಿದ್ದರಂತೆ ವೈದ್ಯರು.

ಹಿತ್ತಲ ಕೋಣೆಯ ಬಾಗಿಲಿಗೆ ಮಾಮಾ ಹಳದಿ ಚೀಟಿ ಅಂಟಿಸಿದರು. ನಲವತ್ತು ದಿನ. ಆಮೇಲೆ ನನ್ನನ್ನು ಕರೆದು ಹೇಳಿದರು: "ಒಂದೇ ಕೈ ಎರಡು ಕಡೆ ಹೋಗಬಾರದು. ನಾನು ಇದನ್ನ ನೋಡ್ಕೋತೀನಿ. ಹಜಾರದ ಐದೂ ನಿನ್ನ ಜವಾಬ್ದಾರಿ. ಸ್ನಾನ ಮಾಡಿ ಬೇರೆ ಸೀರೆ ಉಟ್ಟು ಬಾ. ಇವತ್ತಿಂದ ನೀನು ಹಿತ್ತಲಿಗೆ ಬರಬೇಡ, ನಾನು ಹಜಾರಕ್ಕೆ ಬರಲ್ಲ."

ಮೈಸೂರಿನ ನಮ್ಮಜ್ಜಿಯ ಮಡಿಯೇ ಕಠಿಣ ಎಂದುಕೊಂಡಿದ್ದೆ. ಮಾಮಾನ ಮಡಿಯ ಮುಂದೆ ಅದು ಏನೂ ಅಲ್ಲ. ಹಿತ್ತಲಲ್ಲೇ ಮಲಗಿದರು, ಹಿತ್ತಲಲ್ಲೇ ಸ್ಟವ್ ಹಚ್ಚಿ ಅನ್ನ ಮಾಡಿಕೊಂಡರು. ದಿನಾ ಬೆಳಿಗ್ಗೆ ಅಂಚೆ ಕಾಗದ ತೂಗುವ ತಕ್ಕಡಿಯಲ್ಲಿ ಹಕ್ಕಿಯನ್ನು ತೂಗಿ ಕಿಟಕಿಯಿಂದ ಕೂಗಿ ಹೇಳುವರು, "ಇಪ್ಪತ್ತನಾಲ್ಕು ಗ್ರಾಮ್!" ಪೆಟ್ಟಿಗೆಯ ತಳಕ್ಕೆ ಬಿಳಿ ಕಾಗದ ಹಾಸಿ, ಹಿಕ್ಕೆಯ ಬಣ್ಣ ಗಟ್ಟಿತನಗಳನ್ನು ಭೂತಗನ್ನಡಿ ಹಿಡಿದು ನೋಡುವರು. "ಹಕ್ಕಿ ಕಾಯಿಲೆ ಮುಚ್ಚಿಡತ್ತಮ್ಮಾ, ಇಲ್ಲದಿದ್ರೆ ಕಾಡಲ್ಲಿ ಹದ್ದು ಎತ್ಕೊಂಡು ಹೋಗತ್ತಲ್ಲಾ. ಹಿಕ್ಕೆ ಮಾತ್ರ ಸುಳ್ಳು ಹೇಳಲ್ಲ."

ಮಗಳಿಗೆ ಆಗಾಗ ಉಬ್ಬಸ ಬರುತ್ತಿತ್ತು. ಅದನ್ನೂ ಅವರು ಮರೆಯಲಿಲ್ಲ. ಪಂಜರ ಮಲಗುವ ಕೋಣೆಯಲ್ಲಿ ಬೇಡ, ಒಣಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು, ಮುತ್ತು ಕೊಡಲು ಬಿಡಬೇಡ. "ಮನೇಲಿ ಯಾರಿಗೆ ಜ್ವರ ಕೆಮ್ಮು ಬಂದರೂ, ನಮ್ಮನೇಲಿ ಹಕ್ಕಿ ಇದೆ ಅಂತ ಡಾಕ್ಟರಿಗೆ ಮೊದಲು ಹೇಳು." ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕಿಟಕಿಯಿಂದ ಹೊರಗೆ ಚಾಚಿದರು. ಅವರು ಮುಟ್ಟಿದ ಹಾಳೆಯನ್ನು ನಾನು ಮುಟ್ಟಬಹುದೇ ಎಂದು ರೇಗಿಸಿದೆ. ಒಂದು ಕ್ಷಣ ಯೋಚಿಸಿ, ಹಾಳೆ ಒಳಗೆಳೆದುಕೊಂಡು, ಬಾಯಲ್ಲೇ ಓದಿ ಹೇಳಿದರು.

ಇಪ್ಪತ್ತನೆಯ ದಿನದ ಹೊತ್ತಿಗೆ ಮಾಮಿಯ ತಿಥಿ ಬಂತು. ಮಠದಲ್ಲಿ ಕಾರ್ಯ ಮುಗಿಸಿ ಬಂದು, ಸಂಜೆ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಒಬ್ಬರೇ ಕೂತಿದ್ದರು. ಹಜಾರದಲ್ಲಿ ನೀಲಿ ಹಕ್ಕಿ ಕೂಗುತ್ತಲೇ ಇತ್ತು. "ಬಂದೆ" ಎನ್ನುವವರಿಲ್ಲ. ಇವತ್ತಾದರೂ ಒಂದು ಸಲ ನೋಡಲಿ ಎಂದು ಹಕ್ಕಿಯನ್ನು ಸಣ್ಣ ಪಂಜರಕ್ಕೆ ಹಾಕಿಕೊಂಡು ಪಕ್ಕದ ಓಣಿಯಿಂದ ಹಿತ್ತಲಿಗೆ ಹೋದೆ.

"ಅಲ್ಲೇ ನಿಲ್ಲು!"

ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕುರ್ಚಿ ಹಿಂದಕ್ಕೆ ಉರುಳಿತು. ಅವರು ಹಿಂದೆ ಹಿಂದೆ ಸರಿದು ಗೋಡೆಗೆ ಒತ್ತಿಕೊಂಡು ನಿಂತರು, ಎರಡು ಕೈಗಳನ್ನೂ ಬೆನ್ನ ಹಿಂದೆ ಅಡಗಿಸಿಕೊಂಡು. ಹಕ್ಕಿಗೆ ಅವರು ಕಂಡಿದ್ದೇ ತಡ, "ಏನ್ರೀ, ಕಾಪಿ" ಎಂದಿತು.

ಮಾಮಾ ಮುಖ ಗೋಡೆಗೆ ತಿರುಗಿಸಿದರು. "ಒಳಗೆ ಕರ್ಕೊಂಡು ಹೋಗಮ್ಮಾ. ನನ್ನ ಬಟ್ಟೆ ಮೇಲೆಲ್ಲಾ ಕಾಯಿಲೆ ಇದೆ. ಅದಕ್ಕೇನಾದ್ರೂ ಆದರೆ ಅವಳ ದನಿ ನನಗೆ ಇನ್ನೆಲ್ಲೂ ಸಿಗಲ್ಲ."

ಅದುವರೆಗೆ ನನಗೆ ಅದು ಹೊಳೆದೇ ಇರಲಿಲ್ಲ. ನಾನು ತಂದ ಕಾಯಿಲೆಯ ಹಕ್ಕಿಯನ್ನು ಅವರು ಯಾವ ಮನೆಯೊಳಗೆ ಕರೆದುಕೊಂಡಿದ್ದರು ಎಂದು ಆಗ ಅರ್ಥವಾಯಿತು. ಪಂಜರವನ್ನು ಹಜಾರಕ್ಕೆ ಸೇರಿಸಿ ಬಂದು, ದೂರದಲ್ಲೇ ನಿಂತು ಅಳುತ್ತಾ, "ಬೇಡ ಮಾಮಾ, ಅದನ್ನ ಸಂತೆಯವನಿಗೇ ವಾಪಸ್ ಕೊಟ್ಟುಬಿಡ್ತೀನಿ, ಮಗಳಿಗೆ ಏನೋ ಒಂದು ಹೇಳ್ತೀನಿ," ಎಂದೆ. ಅವರು ಕುರ್ಚಿ ಎತ್ತಿ ನಿಲ್ಲಿಸಿ, ಹಸಿರು ಹಕ್ಕಿಯ ಔಷಧಿಗೆ ಹೊತ್ತಾಯಿತೆಂದು ಒಳಗೆ ಹೋದರು.

ಹಸಿರು ಹಕ್ಕಿ ಬದುಕಿತು. ಮೂವತ್ತೆರಡು ಗ್ರಾಮು ತೂಗಿದ ದಿನ ಮಾಮಾ ಕಿಟಕಿಯಿಂದ ಕೂಗಿದ್ದು ಬೀದಿಗೆಲ್ಲ ಕೇಳಿತು. ವೈದ್ಯರು ಇನ್ನು ಭಯವಿಲ್ಲ ಎಂದ ಮೇಲೂ ಅವರು ನಲವತ್ತು ದಿನ ಮುಗಿಸಿಯೇ ಹೊರಗೆ ಬಂದದ್ದು. ಕೋಣೆ ತೊಳೆದು, ಉಟ್ಟ ಪಂಚೆಗಳನ್ನೆಲ್ಲ ಕುದಿಸಿ, ತಲೆಗೆ ನೀರು ಹಾಕಿಕೊಂಡು ಹಜಾರಕ್ಕೆ ಬಂದರು. ನಾನೂ ಮಗಳೂ ಮೆಟ್ಟಿಲ ಮೇಲೆ ನಿಂತು ನೋಡಿದೆವು. ಐದು ಹಕ್ಕಿಗಳಿಗೂ ಏನೂ ಆಗಿರಲಿಲ್ಲ. ಆ ದಿನ ನಾನು ಮಾಡಿದ ಪಾಯಸವನ್ನು ಅವರು ಪರೀಕ್ಷೆ ಮಾಡದೆ ಕುಡಿದರು.

ಮತ್ತೆರಡು ವರ್ಷ ಬಾಳಿ, ನೀಲಿ ಹಕ್ಕಿ ವಯಸ್ಸಾಗಿ ಒಂದು ಮಧ್ಯಾಹ್ನ ತೀರಿಕೊಂಡಿತು. ಮಾಮಾ ಕರಿಬೇವಿನ ಗಿಡದ ಬುಡದಲ್ಲಿ ಗುಂಡಿ ತೋಡಿ ಮಣ್ಣು ಮಾಡಿದರು. ಕೈ ತೊಳೆಯಲು ನೀರು ಹಾಕುತ್ತಾ, ಎರಡು ವರ್ಷದಿಂದ ನುಂಗಿಕೊಂಡಿದ್ದ ಮಾತನ್ನು ಕೇಳಿಯೇಬಿಟ್ಟೆ. "ಅವತ್ತು ಯಾಕೆ ಮಾಮಾ ಆ ಹಸಿರು ಹಕ್ಕೀನ ಒಳಗೆ ಕರ್ಕೊಂಡ್ರಿ? ಇದಕ್ಕೆ ಅಂಟಿದ್ದಿದ್ರೆ?"

"ವಾಪಸ್ ಕೊಟ್ಟುಬಿಡೋಣ ಅಂತ ನನಗೂ ಬಂತಮ್ಮಾ, ಸುಳ್ಳು ಯಾಕೆ ಹೇಳಲಿ. ಗೇಟಲ್ಲಿ ನಿಂತಾಗಲೇ ಬಂತು. ಆದರೆ ಅವಳು ಇದ್ದಿದ್ದರೆ, ಅಳೋ ಮಗು ಕೈಲಿ ಸಾಯ್ತಿರೋ ಹಕ್ಕಿ ನೋಡಿ ಬಾಗಿಲು ಹಾಕ್ತಿದ್ದಳಾ? ಅವಳ ದನಿ ಉಳಿಸ್ಕೊಳ್ಳೋಕೆ ಹೋಗಿ ಅವಳ ಗುಣ ಬಿಟ್ಟರೆ, ಆ ದನಿ ಇಟ್ಕೊಂಡು ನಾನೇನು ಮಾಡಲಿ?" ಎಂದರು. ಕೈ ಒರೆಸಿಕೊಂಡು ಒಳಗೆ ಹೋದರು.

ಮರುವರ್ಷ ಮಾಮಾ ಹೋದರು. ಊಟ ಮಾಡಿ ಮಲಗಿದವರು ಏಳಲಿಲ್ಲ. ಹಸಿರು ಹಕ್ಕಿ ಆಮೇಲೂ ನಾಲ್ಕು ವರ್ಷ ನಮ್ಮ ಮನೆಯಲ್ಲಿ ಗಲಾಟೆ ಮಾಡಿಕೊಂಡಿತ್ತು. ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಮಾಮಾ ಎಂದರೆ ಅವಳಿಗೆ ತಕ್ಕಡಿ ನೆನಪು, ಬಲ್ಬಿನ ಪೆಟ್ಟಿಗೆ ನೆನಪು. ಸತ್ತುಹೋಗುತ್ತಾ ಎಂಬ ಅವಳ ಒಂದು ಪ್ರಶ್ನೆಗಾಗಿ ಅವರು ಏನನ್ನು ಪಣಕ್ಕಿಟ್ಟಿದ್ದರು ಎಂಬುದು ಅವಳಿಗೆ ಗೊತ್ತಿಲ್ಲ. ನನ್ನ ತಪ್ಪನ್ನೂ ಹೇಳಬೇಕಾಗುತ್ತದಲ್ಲ ಎಂದು ಇಷ್ಟು ವರ್ಷ ನಾನು ಹೇಳಲಿಲ್ಲ. ಈಗ ಬರೆದಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಭಾನುವಾರ ಹಾಸ್ಟೆಲಿನಿಂದ ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಓದಿ ಹೇಳಬೇಕು.