ಕಂಬಳಿಯ ಮೇಲಿನ ಬಿಳಿ ತೇಪೆ

ಹೋದ ವಾರ ಕೆಂಕೆರೆಯ ಅಜ್ಜಿಮನೆಯಲ್ಲಿ ಹಳೆಯ ಟ್ರಂಕು ತೆರೆದೆ. ಒಣಗಿದ ಬೇವಿನೆಲೆಗಳ ನಡುವಿನಿಂದ ಉಣ್ಣೆಯ ವಾಸನೆ ಎದ್ದು ಬಂತು. ನೀವು ಎಂದಾದರೂ ಕರಿಕಂಬಳಿ ಹೊದ್ದಿದ್ದರೆ ಆ ವಾಸನೆ ಗೊತ್ತಿರುತ್ತದೆ: ಕುರಿ, ಮಳೆ, ಒಲೆಯ ಹೊಗೆ, ಎಲ್ಲ ಒಂದೇ ಸಲ. ಅದು ತಾತನ ಕಂಬಳಿ. ಬೆನ್ನಿನ ಜಾಗದಲ್ಲಿ ಮೊಳದಗಲದ ಬಿಳಿ ಬಟ್ಟೆ, ಸುತ್ತ ಅಜ್ಜಿಯ ದಪ್ಪ ಹೊಲಿಗೆ.

ಬಿಳಿ ಬಟ್ಟೆಯ ಯೋಚನೆ ಸೋದರಮಾವನದು. ತೊಂಬತ್ತರ ದಶಕದ ಕೊನೆಗೆ ಅವನು ಸೈನ್ಯದಿಂದ ನಿವೃತ್ತನಾಗಿ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಯುದ್ಧದ ಕತೆ ಹೇಳುತ್ತಾನೆಂದು ಕಾದೆ, ಹೇಳಲಿಲ್ಲ. ಒಂದು ಅಭ್ಯಾಸ ಮಾತ್ರ ತಂದಿದ್ದ. ಸ್ವಂತ ಮನೆಗೆ ಬಂದರೂ ಹೊಸ್ತಿಲಾಚೆ ನಿಂತು "ಯಾರು ಒಳಗೆ?" ಎನ್ನುವನು. ಕರೆದರೆ ಓಗೊಡುವುದರಲ್ಲಿ ನಾನು ಮೊದಲಿನಿಂದಲೂ ಜಿಪುಣಿ. ಪುಸ್ತಕ ಹಿಡಿದು ಮೂಲೆಯಲ್ಲಿ ಸುಮ್ಮನಿರುತ್ತಿದ್ದೆ. ಅವನು ಹೊರಗೆ ನಿಂತೇ ಇರುತ್ತಿದ್ದ.

ಆ ವರ್ಷ ಕಾಡುಹಂದಿಗಳು ತೆಂಗಿನ ಸಸಿಗಳ ಬುಡ ಅಗೆಯುತ್ತಿದ್ದವು. ಪಕ್ಕದ ತೋಟದ ಸಿದ್ದಣ್ಣ ಬೆಳಗಿನ ಜಾವ ಕೋವಿ ಹಿಡಿದು ಕಾಯುತ್ತಿದ್ದ. ತಾತನೋ, ಅದೇ ಹೊತ್ತಿಗೆ ಕಂಬಳಿ ಹೊದ್ದು, ಬಿದ್ದ ಕಾಯಿ ಹೆಕ್ಕಲು ಹೋಗುವವನು. ಬೆನ್ನಿಗೊಂದು ಬಿಳಿ ಬಟ್ಟೆ ಹೊಲಿಸಿಕೊ ಎಂದು ಮಾವ ತನ್ನಪ್ಪನನ್ನು ಬೇಡಿಕೊಂಡ.

"ಕುರಿ ಕಾಯ್ದೋನು ನಾನು. ತೇಪೆ ಹಾಕ್ಕಂಡು ಕೊಕ್ಕರೆ ಥರ ತಿರುಗ್ಲೇನ್ಲಾ? ಬುಡು ಬುಡು," ಎಂದ ತಾತ. ಅವನಿಗೆ ಕಿವಿ ಮಂದ. ಬೇಡದ ಮಾತಿಗೆ ಇನ್ನೂ ಮಂದ.

ಒಂದು ಬೆಳಗ್ಗೆ ಮಾವನ ಹಿಂದೆ ನಾನೂ ತೋಟಕ್ಕೆ ಹೋದೆ. ಮಂಜಿನಲ್ಲಿ ಮರಗಳು ತಲೆಯಿಲ್ಲದೆ ನಿಂತಿದ್ದವು. ಗರಿಗಳಿಂದ ಹನಿ ತೊಟ್ಟಿಕ್ಕುವುದು ಬಿಟ್ಟರೆ ಸದ್ದೇ ಇಲ್ಲ. ನಡೆಯುತ್ತಿದ್ದೇನೋ, ಇನ್ನೂ ಮಲಗಿದ್ದೇನೋ ಎನ್ನಿಸುವಂತಿತ್ತು. ಬೇಲಿಯ ಬಳಿ ಸಿದ್ದಣ್ಣ ಕೋವಿ ಎತ್ತಿ ಗುರಿ ಹಿಡಿದಿದ್ದ. ದೂರದಲ್ಲಿ ಕಪ್ಪಗೆ, ತಗ್ಗಾಗಿ ಏನೋ ಸರಿದಾಡುತ್ತಿತ್ತು.

ಮಾವ ಕೋವಿಯ ನಳಿಗೆಯನ್ನು ನೆಲದ ಕಡೆಗೆ ಒತ್ತಿ ಹಿಡಿದ. "ಮೊದ್ಲು ಕೂಗಣ್ಣ."

"ಯಾರ್ಲಾ ಅದು?" ಸಿದ್ದಣ್ಣ ಕೂಗಿದ. ಉತ್ತರವಿಲ್ಲ. "ನೋಡ್ದಾ? ಹಂದೀನೇ ಕಣಪ್ಪ. ಬುಡು ಕೈಯ."

"ಉತ್ತರ ಬರ್ಲಿಲ್ಲ ಅಂದ್ರೆ ಹಂದಿ ಅಂತಲ್ಲ ಕಣಣ್ಣ."

ಮಾವ ಕೈ ಬಿಡಲಿಲ್ಲ. ನಾವು ಕಾದೆವು. ಕೊನೆಗೆ ಆ ಕಪ್ಪು ಆಕಾರ ಸೊಂಟ ಹಿಡಿದುಕೊಂಡು ನಿಧಾನವಾಗಿ ನೆಟ್ಟಗಾಯಿತು. ಕಂಕುಳಲ್ಲೊಂದು ತೆಂಗಿನಕಾಯಿ.

"ಏನ್ರಲಾ, ಸುಮ್ನೆ ನಿಂತ್ಕಂಡು ನೋಡ್ತೀರಾ? ಬಂದು ಕಾಯಿ ಹೊರ್ರಲಾ," ಎಂದ ತಾತ.

ಸಿದ್ದಣ್ಣ ಕೋವಿಯನ್ನು ಬದುವಿನ ಮೇಲಿಟ್ಟು ಕಾಯಿ ಹೊರಲು ಹೋದ.

ಮನೆಗೆ ಮರಳುವಾಗ ಮಾವ ತಾನಾಗಿಯೇ ಮಾತೆತ್ತಿದ. "ನನ್ನ ಜೊತೆಗಾರ ಒಬ್ಬ ಇದ್ದ ಕಣವ್ವ. ಗಸ್ತಿಗೆ ಹೋದ ದಾರೀಲಿ ವಾಪಸ್ ಬರಕ್ಕಾಗ್ದೆ ಬೇರೆ ಕಡೆಯಿಂದ ಬಂದ. ಇಂಥದೇ ಮಂಜು. ಕೂಗಿದ್ವಿ, ಗಾಳೀಲಿ ಅವನಿಗೆ ಕೇಳಿಸ್ಲಿಲ್ಲ. ನಾವು ನಾಕು ಜನಾನೂ ಗುಂಡು ಹೊಡುದ್ವಿ." ಒಂದಿಷ್ಟು ದೂರ ನಡೆದ ಮೇಲೆ, "ಯಾರ ಗುಂಡು ಅಂತ ಯಾರೂ ಕೇಳ್ಲಿಲ್ಲ," ಎಂದ.

ನಾನು ಅವನ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದೆ.

ಮಧ್ಯಾಹ್ನ ಸಿದ್ದಣ್ಣನೇ ಬಂದು ತಾತನ ಕಿವಿಯಲ್ಲಿ ತೋಟದಲ್ಲಿ ನಡೆದದ್ದನ್ನು ಕೂಗಿ ಹೇಳಿದ. ತಾತ ಬಹಳ ಹೊತ್ತು ಮಗನನ್ನೇ ನೋಡಿದ. ಆಮೇಲೆ ಕಂಬಳಿಯನ್ನು ಅಜ್ಜಿಯ ಮುಂದೆ ಹಾಕಿ, "ದೊಡ್ಡದಾಗೇ ಹಾಕೇ, ಕಾಣ್ಬೇಕಲ್ಲ," ಎಂದ.

ಹೋದ ವಾರ, ಟ್ರಂಕಿನ ಮುಂದೆ, ಅದೇ ಕಂಬಳಿಯನ್ನು ತೊಡೆಯ ಮೇಲೆ ಹಾಸಿಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಹೊರಗೆ ಹೆಜ್ಜೆಗಳು ಬಂದು ನಿಂತವು.

"ಯಾರು ಒಳಗೆ?" ಮಾವನ ದನಿ ಈಗ ಕೊಂಚ ಒಡೆದಿದೆ.

"ನಾನು ಮಾವ," ಎಂದೆ. ಹೆಸರನ್ನೂ ಹೇಳಿದೆ, ಬೇಕಾದ್ದಕ್ಕಿಂತ ಜೋರಾಗಿಯೇ.

ಆಮೇಲೆ ಅವನು ಚಪ್ಪಲಿ ಬಿಡುವ ಸದ್ದು ಕೇಳಿತು.